ಎಂಡೋಮೆಟ್ರಿಯೋಸಿಸ್‌ಗೆ ಹಾರ್ಮೋನ್ ಚಿಕಿತ್ಸೆ: ಯಾವ ಔಷಧಿ ಈಸ್ಟ್ರೋಜನ್ ಎಷ್ಟು ಇಳಿಸುತ್ತದೆ, ನಾವು ಏನು ಕೇಳಬೇಕು?

"ಮದುವೆ ಆದ್ಮೇಲೆ ಸರಿಹೋಗುತ್ತೆ." "ಒಂದು ಮಗು ಆಗ್ಲಿ, ನೋವು ತಾನಾಗೇ ಹೋಗುತ್ತೆ."

ತಿಂಗಳಿಗೆ ನಾಲ್ಕೈದು ದಿನ ಹಾಸಿಗೆ ಬಿಟ್ಟು ಏಳಲಾಗದ ಹುಡುಗಿಯರಿಗೆ ನಮ್ಮ ಮನೆಗಳಲ್ಲಿ ಸಿಗುವ ಸಮಾಧಾನ ಇದು. ಎಷ್ಟೋ ಸಲ ಕ್ಲಿನಿಕ್‌ನಲ್ಲೂ ಇದೇ ಮಾತು ಸಿಗುತ್ತದೆ. ಆ ಹಂತ ದಾಟಿ, ಸ್ಕ್ಯಾನಿಂಗ್ ಆಗಿ, ಕಾಯಿಲೆಗೆ ಎಂಡೋಮೆಟ್ರಿಯೋಸಿಸ್ ಅನ್ನೋ ಹೆಸರು ಸಿಕ್ಕವರಿಗೆ ಒಂದು ಮಾತ್ರೆಯ ಚೀಟಿ ಸಿಗುತ್ತದೆ. ನನಗೂ ಹಾಗೇ ಸಿಕ್ಕಿತು. ಈ ಮಾತ್ರೆ ಏನು ಮಾಡುತ್ತೆ ಅಂತ ಕೇಳಿದರೆ ಬಂದ ಉತ್ತರ: "ಹಾರ್ಮೋನ್ ಬ್ಯಾಲೆನ್ಸ್ ಮಾಡುತ್ತೆ."

ಈ ಉತ್ತರ ಸಾಲದು. ಎಂಡೋಮೆಟ್ರಿಯೋಸಿಸ್‌ಗೆ ಕೊಡುವ ಯಾವ ಔಷಧಿಯೂ ಹಾರ್ಮೋನುಗಳನ್ನು 'ಬ್ಯಾಲೆನ್ಸ್' ಮಾಡುವುದಿಲ್ಲ. ಸರಿಯಾಗಿ ನಡೆಯುತ್ತಿರುವ ಒಂದು ಚಕ್ರವನ್ನು ಬೇಕೆಂದೇ ತಡೆಯುತ್ತವೆ, ಇಲ್ಲವೇ ಅದರ ಪರಿಣಾಮವನ್ನು ಬದಲಿಸುತ್ತವೆ. ಎಷ್ಟು ತಡೆಯುತ್ತವೆ ಎನ್ನುವುದು ಔಷಧಿಯಿಂದ ಔಷಧಿಗೆ ಬೇರೆ. ಅದಕ್ಕೆ ನಮ್ಮ ಮೂಳೆ, ಮನಸ್ಸು, ಚರ್ಮ, ದನಿ ಕೊಡುವ ಬೆಲೆಯೂ ಬೇರೆ. ಈ ಲೆಕ್ಕ ಗೊತ್ತಿದ್ದರೆ ಮಾತ್ರ ಚಿಕಿತ್ಸೆಗೆ 'ಒಪ್ಪಿಗೆ' ಕೊಟ್ಟೆವು ಅನ್ನೋ ಮಾತಿಗೆ ಅರ್ಥ ಇರುತ್ತದೆ. ಅದನ್ನೇ ಇಲ್ಲಿ ಒಂದೊಂದಾಗಿ ಬಿಡಿಸಿ ಹೇಳಲು ಪ್ರಯತ್ನಿಸಿದ್ದೇನೆ.

ಮೊದಲು ಕಾಯಿಲೆ ಏನು?

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವುದೇ ಎಂಡೋಮೆಟ್ರಿಯೋಸಿಸ್. ಅಂಡಾಶಯದ ಮೇಲೆ, ಗರ್ಭಕೋಶದ ಹಿಂಭಾಗದಲ್ಲಿ, ಕರುಳು, ಮೂತ್ರಕೋಶದ ಮೇಲೆ ಹೀಗೆ ಎಲ್ಲಿ ಬೇಕಾದರೂ ಇರಬಹುದು. ಅಂಡಾಶಯದೊಳಗೆ ಹಳೆಯ ರಕ್ತ ತುಂಬಿಕೊಂಡು ಗಡ್ಡೆಯಾದರೆ ಅದನ್ನು 'ಚಾಕೊಲೇಟ್ ಸಿಸ್ಟ್' ಅಂತಾರೆ. ಮುಟ್ಟಿನ ತೀವ್ರ ನೋವು, ಲೈಂಗಿಕ ಸಂಪರ್ಕದಲ್ಲಿ ನೋವು, ಮಲಮೂತ್ರ ವಿಸರ್ಜನೆಯಲ್ಲಿ ನೋವು, ಸುಸ್ತು, ಕೆಲವರಿಗೆ ಗರ್ಭ ಧರಿಸಲು ತೊಂದರೆ ಇವು ಲಕ್ಷಣಗಳು.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ ಸಂತಾನೋತ್ಪತ್ತಿ ವಯಸ್ಸಿನ ಮಹಿಳೆಯರಲ್ಲಿ ಸುಮಾರು ಶೇ. 10ರಷ್ಟು, ಅಂದರೆ ಜಗತ್ತಿನಲ್ಲಿ 19 ಕೋಟಿ ಜನರಿಗೆ ಇದು ಇದೆ. ಟ್ರಾನ್ಸ್ ಪುರುಷರಿಗೂ ಬರುತ್ತದೆ. ಲಕ್ಷಣ ಶುರುವಾಗಿ ಕಾಯಿಲೆ ಪತ್ತೆಯಾಗುವಷ್ಟರಲ್ಲಿ ಹಲವು ವರ್ಷಗಳು ಕಳೆದುಹೋಗುತ್ತವೆ. ಮೊದಲೆಲ್ಲ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸುವ ಲ್ಯಾಪರೊಸ್ಕೋಪಿ ಮಾಡದೆ ರೋಗ ಖಚಿತ ಮಾಡುತ್ತಿರಲಿಲ್ಲ. ಯುರೋಪಿನ ಸಂತಾನೋತ್ಪತ್ತಿ ವೈದ್ಯರ ಸಂಘಟನೆ ಎಷ್ರೆ 2022ರಲ್ಲಿ ಹೊರತಂದ ಮಾರ್ಗಸೂಚಿ ಇದನ್ನು ಬದಲಿಸಿತು. ಲಕ್ಷಣ ನೋಡಿ, ಸ್ಕ್ಯಾನ್ ನೋಡಿ ಹಾರ್ಮೋನ್ ಚಿಕಿತ್ಸೆ ಆರಂಭಿಸಬಹುದು. ಸ್ಕ್ಯಾನ್‌ನಲ್ಲಿ ಏನೂ ಕಾಣದಿದ್ದರೆ ಅಥವಾ ಔಷಧಿ ಕೆಲಸ ಮಾಡದಿದ್ದರೆ ಲ್ಯಾಪರೊಸ್ಕೋಪಿ ಪರಿಗಣಿಸಬಹುದು ಎಂದಿತು. ಹಾಗಾಗಿ ಆಪರೇಷನ್ ಇಲ್ಲದೆಯೇ ಹಾರ್ಮೋನ್ ಔಷಧಿ ಶುರು ಮಾಡುವವರ ಸಂಖ್ಯೆ ಹೆಚ್ಚುತ್ತದೆ. ಆ ಔಷಧಿ ಏನು ಅಂತ ತಿಳಿಯುವ ಅಗತ್ಯವೂ ಅಷ್ಟೇ ಹೆಚ್ಚುತ್ತದೆ.

ರಕ್ತದಲ್ಲಿ ಹಾರ್ಮೋನ್ 'ಜಾಸ್ತಿ' ಇರುತ್ತಾ?

ಸಾಮಾನ್ಯವಾಗಿ ಇಲ್ಲ. ಇದು ಬಹಳ ಜನರನ್ನು ದಾರಿ ತಪ್ಪಿಸುವ ವಿಷಯ.

ಈಸ್ಟ್ರೋಜನ್ ಗುಂಪಿನ ಮುಖ್ಯ ಹಾರ್ಮೋನ್ ಈಸ್ಟ್ರಡಯಾಲ್. ಇದನ್ನು ಒಂದು ಮಿಲಿಲೀಟರ್ ರಕ್ತದಲ್ಲಿ ಇಷ್ಟು ಪಿಕೋಗ್ರಾಂ ಎಂದು ಅಳೆಯುತ್ತಾರೆ. ಮುಟ್ಟಿನ ಮೊದಲ ದಿನಗಳಲ್ಲಿ ಸುಮಾರು 30ರಿಂದ 80, ಅಂಡಾಣು ಬಿಡುಗಡೆಗೆ ಮುಂಚೆ 200ರಿಂದ 400, ಆಮೇಲೆ 100ರಿಂದ 200ರ ಆಸುಪಾಸು. ಮುಟ್ಟು ಪೂರ್ತಿ ನಿಂತ ಮೇಲೆ ಸಾಮಾನ್ಯವಾಗಿ 20ಕ್ಕಿಂತ ಕಡಿಮೆ. ಲ್ಯಾಬಿನಿಂದ ಲ್ಯಾಬಿಗೆ ಈ ಅಂಕಿಗಳು ಸ್ವಲ್ಪ ಆಚೀಚೆ ಆಗುತ್ತವೆ.

ಎಂಡೋಮೆಟ್ರಿಯೋಸಿಸ್ ಇರುವ ಹೆಚ್ಚಿನವರ ರಕ್ತದಲ್ಲಿ ಇದೇ ಏರಿಳಿತ ಕಾಣುತ್ತದೆ. ತೊಂದರೆ ಇರುವುದು ಆ ಅಂಗಾಂಶದೊಳಗೆ. ಅಲ್ಲಿ ಅರೊಮಟೇಸ್ ಎಂಬ ಕಿಣ್ವ ಸಕ್ರಿಯವಾಗಿದ್ದು, ಸ್ಥಳದಲ್ಲೇ ಈಸ್ಟ್ರೋಜನ್ ತಯಾರಾಗುತ್ತದೆ. ಈಸ್ಟ್ರೋಜನ್‌ನಿಂದ ಊತ ಹೆಚ್ಚುತ್ತದೆ, ಊತದಿಂದ ಅರೊಮಟೇಸ್ ಮತ್ತೆ ಹೆಚ್ಚುತ್ತದೆ. ಬೆಳವಣಿಗೆಗೆ ಕಡಿವಾಣ ಹಾಕಬೇಕಾದ ಪ್ರೊಜೆಸ್ಟರಾನ್ ಮಾತನ್ನು ಈ ಅಂಗಾಂಶ ಸರಿಯಾಗಿ ಕೇಳುವುದಿಲ್ಲ. ಇದನ್ನು ಪ್ರೊಜೆಸ್ಟರಾನ್ ಪ್ರತಿರೋಧ ಎನ್ನುತ್ತಾರೆ. ಎಲ್ಲರಿಗೂ ಒಂದೇ ಮಾತ್ರೆ ಕೆಲಸ ಮಾಡದಿರಲು ಇದೂ ಒಂದು ಕಾರಣ.

ಹಾಗಾಗಿ ಎಂಡೋಮೆಟ್ರಿಯೋಸಿಸ್ ಇದೆಯೋ ಇಲ್ಲವೋ ಎಂದು ಹೇಳುವ ಹಾರ್ಮೋನ್ ರಕ್ತಪರೀಕ್ಷೆ ಇಲ್ಲ. ಇನ್‌ಸ್ಟಾಗ್ರಾಂನಲ್ಲಿ 'ಈಸ್ಟ್ರೋಜನ್ ಡಾಮಿನೆನ್ಸ್' ಹೆಸರಲ್ಲಿ ಪರೀಕ್ಷೆಯ ಪ್ಯಾಕೇಜ್, ಡಿಟಾಕ್ಸ್ ಪುಡಿ ಮಾರುವವರು ನಿಮ್ಮ ನೋವಿನ ಮೇಲೆ ವ್ಯಾಪಾರ ಮಾಡುತ್ತಿದ್ದಾರೆ, ಅಷ್ಟೇ.

'ಮಗು ಮಾಡ್ಕೋ' ಎಂಬ ಸಲಹೆಯ ಚರಿತ್ರೆ

ಇವತ್ತಿನ ಔಷಧಿಗಳು ಯಾಕೆ ಹೀಗಿವೆ ಎಂದು ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1930-40ರ ದಶಕಗಳಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿದ್ದ ಸ್ತ್ರೀರೋಗ ತಜ್ಞ ಜೋ ಮೀಗ್ಸ್, ಮದುವೆ ಮತ್ತು ಮಗು ತಡವಾಗುವುದೇ ಎಂಡೋಮೆಟ್ರಿಯೋಸಿಸ್‌ಗೆ ಕಾರಣ ಎಂದು ವಾದಿಸಿದರು. ಬೇಗ ಮದುವೆಯಾಗಿ, ಬೇಗ ಮಕ್ಕಳನ್ನು ಮಾಡಿಕೊಳ್ಳಿ ಎಂಬುದು ಅವರ ಸಲಹೆ. ಇದು ಬರೀ ವೈದ್ಯಕೀಯ ಮಾತಾಗಿರಲಿಲ್ಲ. ಉಳ್ಳವರ ಮನೆಗಳಲ್ಲಿ ಮಕ್ಕಳು ಕಡಿಮೆಯಾಗುತ್ತಿದ್ದಾರೆ ಎಂಬ ವರ್ಗದ ಆತಂಕವೂ ಅದರಲ್ಲಿತ್ತು. 'ಕೆಲಸಕ್ಕೆ ಹೋಗುವ ಬಿಳಿಯ ಹೆಣ್ಣುಮಕ್ಕಳ ಕಾಯಿಲೆ' ಎಂಬ ಹಣೆಪಟ್ಟಿ ದಶಕಗಳ ಕಾಲ ಉಳಿಯಿತು. ಕಪ್ಪು ಮಹಿಳೆಯರ ನೋವನ್ನು ಸೋಂಕು ಎಂದು ತಪ್ಪಾಗಿ ಗುರುತಿಸಲಾಗುತ್ತಿತ್ತು; 1976ರಲ್ಲಿ ಅಮೆರಿಕದ ವೈದ್ಯ ಡೊನಾಲ್ಡ್ ಚಾಟ್‌ಮನ್ ಅವರಲ್ಲೂ ಎಂಡೋಮೆಟ್ರಿಯೋಸಿಸ್ ಸಾಕಷ್ಟಿದೆ ಎಂದು ತೋರಿಸಿದರು.

ಗರ್ಭಿಣಿಯಾಗಿದ್ದಾಗ ಮುಟ್ಟಾಗುವುದಿಲ್ಲ, ಹಾಗಾಗಿ ಆ ತಿಂಗಳುಗಳಲ್ಲಿ ಕೆಲವರಿಗೆ ನೋವು ತಗ್ಗಬಹುದು. ಆದರೆ ಗರ್ಭಧಾರಣೆ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ನೋವು ಕಡಿಮೆಯಾಗಲಿ ಎಂಬ ಒಂದೇ ಕಾರಣಕ್ಕೆ ಗರ್ಭ ಧರಿಸಿ ಎಂದು ಸಲಹೆ ನೀಡಬಾರದು ಎಂದು ಎಷ್ರೆ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ.

ಆದರೂ ಹಾರ್ಮೋನ್ ಚಿಕಿತ್ಸೆ ಹುಟ್ಟಿದ್ದು ಇದೇ ಯೋಚನೆಯಿಂದ. 1950ರ ದಶಕದ ಕೊನೆಯಲ್ಲಿ ಬಾಸ್ಟನ್‌ನವರೇ ಆದ ರಾಬರ್ಟ್ ಕಿಸ್ಟ್‌ನರ್, ಆಗಷ್ಟೇ ಬಂದಿದ್ದ ಪ್ರೊಜೆಸ್ಟಿನ್ ಮಾತ್ರೆಗಳನ್ನು ಹೆಚ್ಚು ಪ್ರಮಾಣದಲ್ಲಿ, ನಿಲ್ಲಿಸದೆ ಕೊಟ್ಟು ದೇಹವನ್ನು ಗರ್ಭಿಣಿಯ ಸ್ಥಿತಿಗೆ ತಂದರು. ಇದು 'ಹುಸಿ ಗರ್ಭ'. 1970ರ ದಶಕದಲ್ಲಿ ಡೆನಜೋಲ್ ಬಂದಾಗ ಅದನ್ನು 'ಹುಸಿ ಮುಟ್ಟುನಿಲುಗಡೆ' ಎಂದರು. ಒಂದೋ ಬಸುರಿ, ಇಲ್ಲವೇ ಮುಟ್ಟು ನಿಂತ ಮುದುಕಿ: ನೋವಿಲ್ಲದ ಹೆಣ್ಣಿಗೆ ವೈದ್ಯಶಾಸ್ತ್ರ ಊಹಿಸಿಕೊಂಡದ್ದು ಈ ಎರಡೇ ಸ್ಥಿತಿ.

ನಡುವಿನ ದಾರಿ: 30ರಿಂದ 50

1992ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಬಾರ್ಬಿಯೇರಿ ಮುಂದಿಟ್ಟ 'ಈಸ್ಟ್ರೋಜನ್ ಹೊಸ್ತಿಲು' ಎಂಬ ವಾದ ಇದನ್ನು ಬದಲಿಸಿತು. ಮೂಳೆ, ರಕ್ತನಾಳ, ಎಂಡೋಮೆಟ್ರಿಯೋಸಿಸ್ ಅಂಗಾಂಶ ಎಲ್ಲಕ್ಕೂ ಒಂದೇ ಪ್ರಮಾಣದ ಈಸ್ಟ್ರೋಜನ್ ಬೇಕಿಲ್ಲ. ಮೂಳೆಗೆ ಸ್ವಲ್ಪ ಇದ್ದರೂ ನಡೆಯುತ್ತದೆ, ಆ ಅಂಗಾಂಶ ಬೆಳೆಯಲು ಹೆಚ್ಚು ಬೇಕು. ಹಾಗಾದರೆ ಈಸ್ಟ್ರಡಯಾಲ್ ಅನ್ನು ಸುಮಾರು 30ರಿಂದ 50ರ ಮಧ್ಯೆ ಹಿಡಿದಿಟ್ಟರೆ ಕಾಯಿಲೆ ಹಸಿದಿರುತ್ತದೆ, ಮೂಳೆಯೂ ಉಳಿಯುತ್ತದೆ.

ಇದು ಪ್ರತಿಯೊಬ್ಬರಿಗೂ ಅಚ್ಚುಕಟ್ಟಾಗಿ ಹೊಂದುವ ಅಳತೆಯಲ್ಲ. ಆದರೆ ಇವತ್ತಿನ ಔಷಧಿಗಳನ್ನು ಹೋಲಿಸಿ ನೋಡಲು ಒಳ್ಳೆಯ ಮಾಪಕ. ಈಗ ಒಂದೊಂದೇ ಔಷಧಿಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡೋಣ.

1. ಗರ್ಭನಿರೋಧಕ ಮಾತ್ರೆ

ಕೃತಕ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎರಡೂ ಇರುವ ಮಾತ್ರೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುವ ಮಾಲಾ-ಎನ್ ಇದೇ ಜಾತಿಗೆ ಸೇರಿದ್ದು. ಇದು ಮೆದುಳಿನಿಂದ ಅಂಡಾಶಯಕ್ಕೆ ಹೋಗುವ ಸಂದೇಶ ತಡೆಯುತ್ತದೆ. ಅಂಡಾಣು ಬಿಡುಗಡೆಯಾಗುವುದಿಲ್ಲ, ದೇಹದ ಸ್ವಂತ ಈಸ್ಟ್ರಡಯಾಲ್ ಇಳಿಯುತ್ತದೆ. ಆದರೆ ಮಾತ್ರೆಯಲ್ಲೇ ಈಸ್ಟ್ರೋಜನ್ ಇರುವುದರಿಂದ ಮೂಳೆಗೆ, ಚರ್ಮಕ್ಕೆ ಕೊರತೆ ಅನ್ನಿಸುವುದಿಲ್ಲ. ಮಾತ್ರೆಯಲ್ಲಿರುವ ಎಥಿನೈಲ್ ಈಸ್ಟ್ರಡಯಾಲ್ ಮಾಮೂಲಿ ಈಸ್ಟ್ರಡಯಾಲ್ ಪರೀಕ್ಷೆಯಲ್ಲಿ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಮಾತ್ರೆ ತಗೊಳ್ತಾ ಪರೀಕ್ಷೆ ಮಾಡಿಸಿ 'ಅಯ್ಯೋ ಇಷ್ಟು ಕಡಿಮೆ' ಎಂದು ಹೆದರಬೇಕಿಲ್ಲ.

ಇದು ಟೆಸ್ಟೋಸ್ಟೆರಾನ್ ಅನ್ನು ಕಟ್ಟಿಹಾಕುವ ಪ್ರೋಟೀನನ್ನೂ ರಕ್ತದಲ್ಲಿ ಹೆಚ್ಚಿಸುತ್ತದೆ. ಮೊಡವೆ ಕಡಿಮೆಯಾಗುವುದು ಇದರಿಂದಲೇ; ಕೆಲವರು ಲೈಂಗಿಕ ಆಸಕ್ತಿ ಕುಗ್ಗಿತು ಎನ್ನುತ್ತಾರೆ. ರಕ್ತ ಹೆಪ್ಪುಗಟ್ಟುವ ಅಪಾಯ ಸ್ವಲ್ಪ ಹೆಚ್ಚು. ಕಣ್ಣಮುಂದೆ ಬೆಳಕು, ಗೆರೆ ಕಂಡು ಶುರುವಾಗುವ ಮೈಗ್ರೇನ್ ಇರುವವರು, ಬಿಪಿ ಹೆಚ್ಚಿರುವವರು, 35 ದಾಟಿದ ಸಿಗರೇಟು ಸೇದುವವರು ಇದನ್ನು ತೆಗೆದುಕೊಳ್ಳಬಾರದು. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ.

2. ನೊರೆಥಿಸ್ಟೆರಾನ್: ಪೂಜೆಗೆ ಮುಟ್ಟು ಮುಂದೂಡುವ ಅದೇ ಮಾತ್ರೆ

ಹಬ್ಬ, ಮದುವೆ, ದೇವಸ್ಥಾನಕ್ಕೆ ಹೋಗುವಾಗ ಮುಟ್ಟು ಮುಂದಕ್ಕೆ ಹಾಕಲು ಮೆಡಿಕಲ್ ಶಾಪಿನಿಂದ ತರುವ ಮಾತ್ರೆ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಅದು ನೊರೆಥಿಸ್ಟೆರಾನ್. ಎಂಡೋಮೆಟ್ರಿಯೋಸಿಸ್‌ಗೂ ದಿನಕ್ಕೆ 5ರಿಂದ 15 ಮಿಲಿಗ್ರಾಂವರೆಗೆ ಕೊಡುತ್ತಾರೆ. ಪ್ರೊಜೆಸ್ಟಿನ್‌ಗಳು ಈಸ್ಟ್ರಡಯಾಲ್ ಇಳಿಸುವುದರ ಜೊತೆಗೆ ಆ ಅಂಗಾಂಶವನ್ನು ನೇರವಾಗಿಯೂ ಬಾಡಿಸುತ್ತವೆ. ನೊರೆಥಿಸ್ಟೆರಾನ್‌ನ ಒಂದು ಸಣ್ಣ ಪಾಲು ದೇಹದಲ್ಲಿ ಎಥಿನೈಲ್ ಈಸ್ಟ್ರಡಯಾಲ್ ಆಗಿ ಬದಲಾಗುತ್ತದೆ. ಮೂಳೆಗೆ ಇದು ಒಳ್ಳೆಯದೇ. ಆದರೆ ಹೆಚ್ಚಿನ ಡೋಸ್‌ನಲ್ಲಿ ರಕ್ತ ಹೆಪ್ಪುಗಟ್ಟುವ ಚರಿತ್ರೆ ಇರುವವರು ಎಚ್ಚರ ವಹಿಸಬೇಕು. ಪುರುಷ ಹಾರ್ಮೋನಿನ ಗುಣವೂ ಸ್ವಲ್ಪ ಇರುವುದರಿಂದ ಮೊಡವೆ ಬರಬಹುದು, 'ಒಳ್ಳೆಯ' ಕೊಲೆಸ್ಟರಾಲ್ ಇಳಿಯಬಹುದು.

3. ಡೈನೋಜೆಸ್ಟ್

ನಾನು ತೆಗೆದುಕೊಳ್ಳುವುದು ಇದನ್ನೇ, ದಿನಕ್ಕೆ 2 ಮಿಲಿಗ್ರಾಂ. ಯುರೋಪಿನಲ್ಲಿ 2009ರ ಕೊನೆಯಲ್ಲಿ ಎಂಡೋಮೆಟ್ರಿಯೋಸಿಸ್‌ಗೆಂದೇ ಒಪ್ಪಿಗೆ ಪಡೆಯಿತು. ಇದು ಅಂಡಾಶಯವನ್ನು ಪೂರ್ತಿ ಮಲಗಿಸುವುದಿಲ್ಲ, ತೂಕಡಿಸುವಂತೆ ಮಾಡುತ್ತದೆ. ಈಸ್ಟ್ರಡಯಾಲ್ ಹೆಚ್ಚಿನವರಲ್ಲಿ ಮುಟ್ಟಿನ ಮೊದಲ ದಿನಗಳ ಮಟ್ಟದಲ್ಲಿ, ಅಂದರೆ ಮೇಲೆ ಹೇಳಿದ ಹೊಸ್ತಿಲಿನ ಆಸುಪಾಸಿನಲ್ಲಿ ಉಳಿಯುತ್ತದೆ. 2010ರಲ್ಲಿ ಪ್ರಕಟವಾದ 24 ವಾರಗಳ ಅಧ್ಯಯನದಲ್ಲಿ ನೋವು ತಗ್ಗಿಸುವುದರಲ್ಲಿ ಲ್ಯೂಪ್ರೊಲೈಡ್ ಇಂಜೆಕ್ಷನ್‌ಗೆ ಇದು ಸಮನಾಗಿತ್ತು, ಮೈ ಬಿಸಿಯೇರುವ ತೊಂದರೆ ಕಡಿಮೆಯಿತ್ತು.

ಆದರೆ ಪುಕ್ಕಟೆ ಅಲ್ಲ. ಮೊದಲ ತಿಂಗಳುಗಳಲ್ಲಿ ಯಾವಾಗ ಬೇಕಾದರೂ ಸ್ವಲ್ಪ ಸ್ವಲ್ಪ ರಕ್ತಸ್ರಾವ ಆಗುತ್ತದೆ. ನನಗೂ ಆಯಿತು, ಮೊದಲೇ ಯಾರಾದರೂ ಹೇಳಿದ್ದರೆ ಗಾಬರಿ ಉಳಿಯುತ್ತಿತ್ತು. ತಲೆನೋವು, ಕೂದಲು ಉದುರುವುದು, ಮನಸ್ಸು ಕುಗ್ಗುವುದು ಕೆಲವರಿಗೆ ಆಗುತ್ತದೆ. ಹಿಂದೆ ಖಿನ್ನತೆ ಇದ್ದವರು ಶುರು ಮಾಡುವ ಮುಂಚೆಯೇ ಹೇಳಬೇಕು. ಹದಿಹರೆಯದವರಲ್ಲಿ ನಡೆದ ಒಂದು ಅಧ್ಯಯನದಲ್ಲಿ ವರ್ಷದ ಚಿಕಿತ್ಸೆ ಬಳಿಕ ಬೆನ್ನುಮೂಳೆಯ ಸಾಂದ್ರತೆ ಸರಾಸರಿ ಶೇ. 1.2ರಷ್ಟು ಇಳಿದಿತ್ತು, ನಿಲ್ಲಿಸಿದ ಮೇಲೆ ಭಾಗಶಃ ಸುಧಾರಿಸಿತು. ಮೂಳೆ ಗಟ್ಟಿಯಾಗುವ ವಯಸ್ಸಿನಲ್ಲಿ ಇದು ಮುಖ್ಯ.

ಇನ್ನೊಂದು ಮಾತು: ಅಂಡಾಣು ಬಿಡುಗಡೆಯನ್ನು ತಡೆದರೂ 2 ಮಿಲಿಗ್ರಾಂ ಡೈನೋಜೆಸ್ಟ್‌ಗೆ ಗರ್ಭನಿರೋಧಕ ಎಂಬ ಮಾನ್ಯತೆ ಇಲ್ಲ. ಅಗತ್ಯವಿದ್ದರೆ ಕಾಂಡೋಮ್ ಬಳಸಿ.

4. ಮೂರು ತಿಂಗಳ ಇಂಜೆಕ್ಷನ್, ಗರ್ಭಕೋಶದೊಳಗಿನ ಸಾಧನ

2017ರಲ್ಲಿ ಕೇಂದ್ರ ಸರ್ಕಾರ 'ಅಂತರಾ' ಹೆಸರಲ್ಲಿ ಉಚಿತವಾಗಿ ಕೊಡಲು ಶುರು ಮಾಡಿದ ಗರ್ಭನಿರೋಧಕ ಇಂಜೆಕ್ಷನ್ ಮೆಡ್ರಾಕ್ಸಿಪ್ರೊಜೆಸ್ಟರಾನ್. ಎಂಡೋಮೆಟ್ರಿಯೋಸಿಸ್ ನೋವಿಗೂ ಕೆಲಸ ಮಾಡುತ್ತದೆ. ಆದರೆ ಈಸ್ಟ್ರೋಜನ್ ಇಳಿಸಿ ಮೂಳೆ ಸಾಂದ್ರತೆ ಕಡಿಮೆ ಮಾಡುತ್ತದೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲೇ ಗಂಭೀರ ಎಚ್ಚರಿಕೆ ಹಾಕಿಸಿತು. ವರ್ಷಗಟ್ಟಲೆ ಬಳಸಿದವರಲ್ಲಿ ಮೆನಿಂಜಿಯೋಮಾ ಎಂಬ ಮೆದುಳಿನ ಹೊದಿಕೆಯ ಗಡ್ಡೆಯ ಸಾಧ್ಯತೆ ಹೆಚ್ಚು ಎಂದು 2024ರಲ್ಲಿ ಫ್ರಾನ್ಸಿನ ಅಧ್ಯಯನವೊಂದು ತೋರಿಸಿತು. ಒಟ್ಟಾರೆ ಈ ಗಡ್ಡೆ ಅಪರೂಪದ್ದು. ಚುಚ್ಚಿದ ಮೇಲೆ ವಾಪಸ್ ತೆಗೆಯಲಾಗದು, ನಿಲ್ಲಿಸಿದ ಮೇಲೆ ಅಂಡಾಣು ಬಿಡುಗಡೆ ಮತ್ತೆ ಶುರುವಾಗಲು ಹಲವು ತಿಂಗಳು ಹಿಡಿಯಬಹುದು.

ಲೆವೊನೊರ್‌ಜೆಸ್ಟ್ರೆಲ್ ಇರುವ ಸಾಧನವನ್ನು ಗರ್ಭಕೋಶದೊಳಗೆ ಇಡುತ್ತಾರೆ. ಶುರುವಿನಲ್ಲಿ ದಿನಕ್ಕೆ ಸುಮಾರು 20 ಮೈಕ್ರೋಗ್ರಾಂ ಮಾತ್ರ ಬಿಡುಗಡೆಯಾಗುವುದರಿಂದ ಪರಿಣಾಮ ಬಹುಪಾಲು ಸ್ಥಳೀಯ. ಬಹಳ ಜನರಲ್ಲಿ ಅಂಡಾಣು ಬಿಡುಗಡೆ ಮುಂದುವರಿಯುತ್ತದೆ, ರಕ್ತದ ಈಸ್ಟ್ರಡಯಾಲ್ ಹೆಚ್ಚುಕಡಿಮೆ ಮಾಮೂಲಾಗಿರುತ್ತದೆ. ಮೂಳೆಯ ಚಿಂತೆ ಇಲ್ಲ. ಆದರೆ ಅಂಡಾಶಯದ ಚಾಕೊಲೇಟ್ ಸಿಸ್ಟ್ ತಡೆಯುವುದರಲ್ಲಿ ಇದನ್ನೊಂದೇ ನಂಬುವುದು ಕಷ್ಟ.

5. ಜಿಎನ್‌ಆರ್‌ಎಚ್ ಇಂಜೆಕ್ಷನ್: ಮೊದಲು ಏರಿಸಿ, ಆಮೇಲೆ ಇಳಿಸುವುದು

ಮೆದುಳಿನ ಹೈಪೊಥಲಾಮಸ್ ಸುಮಾರು 60ರಿಂದ 90 ನಿಮಿಷಕ್ಕೊಮ್ಮೆ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಮಿಡಿತದಂತೆ ಬಿಡುತ್ತದೆ. ಆ ಮಿಡಿತ ಕೇಳಿ ಪಿಟ್ಯುಟರಿ ಗ್ರಂಥಿ ಎಲ್‌ಎಚ್, ಎಫ್‌ಎಸ್‌ಎಚ್ ಕಳಿಸುತ್ತದೆ, ಅವು ಅಂಡಾಶಯವನ್ನು ಎಬ್ಬಿಸುತ್ತವೆ. ಈ ಹಾರ್ಮೋನಿನ ರಚನೆ ಕಂಡುಹಿಡಿದ ರೋಜರ್ ಗಿಲ್ಮನ್ ಮತ್ತು ಆಂಡ್ರ್ಯೂ ಶಾಲಿ ಅವರಿಗೆ 1977ರ ನೊಬೆಲ್ ಬಂತು. ಮರುವರ್ಷ ಅಮೆರಿಕದ ಅರ್ನೆಸ್ಟ್ ನೊಬಿಲ್ ತಂಡ ಕೋತಿಗಳಲ್ಲಿ ವಿಚಿತ್ರವೊಂದನ್ನು ತೋರಿಸಿತು: ಮಿಡಿತದಂತೆ ಕೊಟ್ಟರೆ ಪಿಟ್ಯುಟರಿ ಕೆಲಸ ಮಾಡುತ್ತದೆ, ಬಿಡುವಿಲ್ಲದೆ ಸುರಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ.

ಲ್ಯೂಪ್ರೊಲೈಡ್, ಗೊಸೆರೆಲಿನ್, ಟ್ರಿಪ್ಟೊರೆಲಿನ್ ಇಂಜೆಕ್ಷನ್‌ಗಳ ಗುಟ್ಟು ಇದೇ. ಮೊದಲ ಒಂದೆರಡು ವಾರ ಹಾರ್ಮೋನ್ ಏರುತ್ತದೆ, ಕೆಲವರಿಗೆ ನೋವು ಹೆಚ್ಚುತ್ತದೆ. ಮೂರು ನಾಲ್ಕು ವಾರದಲ್ಲಿ ಈಸ್ಟ್ರಡಯಾಲ್ 20ಕ್ಕಿಂತ ಕೆಳಗೆ, ಅಂದರೆ ಮುಟ್ಟು ನಿಂತವರ ಮಟ್ಟಕ್ಕೆ ಬೀಳುತ್ತದೆ. 25ರ ಹುಡುಗಿಗೆ 55ರ ಹಾರ್ಮೋನ್: ಮೈ ಬಿಸಿಯೇರುವುದು, ರಾತ್ರಿ ಬೆವರು, ನಿದ್ದೆಗೇಡು, ಯೋನಿ ಒಣಗುವುದು, ಮರೆವು. ಆರು ತಿಂಗಳಲ್ಲಿ ಬೆನ್ನುಮೂಳೆಯ ಸಾಂದ್ರತೆ ಶೇ. 3ರಿಂದ 6ರವರೆಗೆ ಕುಗ್ಗಬಹುದು.

ಇದಕ್ಕೆ ಪರಿಹಾರ ಇದೆ. ಹೆಸರು 'ಆಡ್-ಬ್ಯಾಕ್': ಇಂಜೆಕ್ಷನ್ ಜೊತೆಗೆ ಸ್ವಲ್ಪ ಪ್ರಮಾಣದ ಪ್ರೊಜೆಸ್ಟಿನ್, ಅಥವಾ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ ಎರಡನ್ನೂ ವಾಪಸ್ ಕೊಡುವುದು. ನೋವಿನ ಶಮನ ಕೆಡುವುದಿಲ್ಲ, ಮೂಳೆ ಉಳಿಯುತ್ತದೆ. ಆಡ್-ಬ್ಯಾಕ್ ಪರಿಗಣಿಸಿ ಎಂದು ಎಷ್ರೆ ಶಿಫಾರಸು ಮಾಡಿದೆ. ಬರೀ ಇಂಜೆಕ್ಷನ್ ಬರೆದು ಕಳಿಸಿದರೆ "ಆಡ್-ಬ್ಯಾಕ್ ಇಲ್ವಾ ಡಾಕ್ಟ್ರೇ?" ಎಂದು ಕೇಳುವುದು ನಿಮ್ಮ ಹಕ್ಕು.

6. ಹೊಸ ಮಾತ್ರೆಗಳು: ಎಲಗೊಲಿಕ್ಸ್, ರೆಲುಗೊಲಿಕ್ಸ್

ಇವು ಅದೇ ಬಾಗಿಲನ್ನು ನೇರವಾಗಿ ಮುಚ್ಚುತ್ತವೆ. ಮೊದಲ ಏರಿಕೆ ಇರುವುದಿಲ್ಲ, ಕೆಲವೇ ಗಂಟೆಗಳಲ್ಲಿ ಕೆಲಸ ಶುರು. ಎಫ್‌ಡಿಎ 2018ರಲ್ಲಿ ಎಲಗೊಲಿಕ್ಸ್‌ಗೆ ಒಪ್ಪಿಗೆ ಕೊಟ್ಟಿತು. ಡೋಸ್ ಬದಲಾದರೆ ಹಾರ್ಮೋನ್ ಮಟ್ಟ ಹೇಗೆ ಬದಲಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ದಿನಕ್ಕೆ ಒಮ್ಮೆ 150 ಮಿಲಿಗ್ರಾಂ ಕೊಟ್ಟರೆ ಈಸ್ಟ್ರಡಯಾಲ್ ಸುಮಾರು 42ರಲ್ಲಿ ನಿಲ್ಲುತ್ತದೆ. 200 ಮಿಲಿಗ್ರಾಂ ದಿನಕ್ಕೆ ಎರಡು ಸಲ ಕೊಟ್ಟರೆ 12ಕ್ಕೆ ಇಳಿಯುತ್ತದೆ. 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮುಟ್ಟಿನ ನೋವು ಗಣನೀಯವಾಗಿ ತಗ್ಗಿದ್ದು ಕಡಿಮೆ ಡೋಸ್‌ನವರಲ್ಲಿ ಶೇ. 46, ಹೆಚ್ಚಿನ ಡೋಸ್‌ನವರಲ್ಲಿ ಶೇ. 76, ಖಾಲಿ ಮಾತ್ರೆ ತಿಂದವರಲ್ಲಿ ಶೇ. 20. ಮೂಳೆ ಹೆಚ್ಚು ಸವೆದದ್ದೂ ಹೆಚ್ಚಿನ ಡೋಸ್‌ನವರಲ್ಲೇ. ಹಾಗಾಗಿ ಕಡಿಮೆ ಡೋಸ್‌ಗೆ 24 ತಿಂಗಳ, ಹೆಚ್ಚಿನದ್ದಕ್ಕೆ ಬರೀ 6 ತಿಂಗಳ ಮಿತಿ.

ರೆಲುಗೊಲಿಕ್ಸ್ ಮಾತ್ರೆಯಲ್ಲಿ ಆಡ್-ಬ್ಯಾಕ್ ಒಳಗೇ ಇದೆ: 40 ಮಿಲಿಗ್ರಾಂ ರೆಲುಗೊಲಿಕ್ಸ್ ಜೊತೆಗೆ 1 ಮಿಲಿಗ್ರಾಂ ಈಸ್ಟ್ರಡಯಾಲ್, 0.5 ಮಿಲಿಗ್ರಾಂ ನೊರೆಥಿಸ್ಟೆರಾನ್. ಅಂಡಾಶಯವನ್ನು ಮಲಗಿಸಿ, ಬೇಕಾದಷ್ಟು ಹಾರ್ಮೋನನ್ನು ಹೊರಗಿನಿಂದ ಕೊಡುವ ಲೆಕ್ಕ. ಅಮೆರಿಕದಲ್ಲಿ 2022ರಲ್ಲಿ ಎಂಡೋಮೆಟ್ರಿಯೋಸಿಸ್ ನೋವಿಗೆ ಒಪ್ಪಿಗೆ ಸಿಕ್ಕಿತು. ಇಂಗ್ಲೆಂಡಿನಲ್ಲಿ 2025ರಿಂದ ಸಾರ್ವಜನಿಕ ಆರೋಗ್ಯ ಸೇವೆಯಲ್ಲೇ ಕೊಡಬಹುದು.

7. ಡೆನಜೋಲ್ ಮತ್ತು ಲೆಟ್ರೊಜೋಲ್

ಡೆನಜೋಲ್ ಈಗ ಬಹುತೇಕ ಮೂಲೆಗೆ ಸರಿದಿದೆ. ಈಸ್ಟ್ರೋಜನ್ ಇಳಿಸುವುದರ ಜೊತೆಗೆ ಇದು ರಕ್ತದಲ್ಲಿ ಸ್ವತಂತ್ರವಾಗಿ ಓಡಾಡುವ ಟೆಸ್ಟೋಸ್ಟೆರಾನ್ ಹೆಚ್ಚಿಸುತ್ತದೆ. ಮುಖದಲ್ಲಿ ಕೂದಲು, ಮೊಡವೆ, ತೂಕ ಹೆಚ್ಚಳ. ದನಿ ಗಡುಸಾದರೆ ಔಷಧಿ ಬಿಟ್ಟರೂ ಸರಿಹೋಗದಿರಬಹುದು. ಬೇರೆ ದಾರಿ ಇರುವಾಗ ಇದನ್ನು ಬರೆದರೆ ಯಾಕೆ ಎಂದು ಕೇಳಿ.

ಲೆಟ್ರೊಜೋಲ್ ಅರೊಮಟೇಸ್ ಕಿಣ್ವವನ್ನೇ ತಡೆಯುತ್ತದೆ, ಹಾಗಾಗಿ ಆ ಅಂಗಾಂಶದೊಳಗಿನ ಉತ್ಪಾದನೆಯೂ ನಿಲ್ಲುತ್ತದೆ. ಆದರೆ ಮುಟ್ಟು ನಿಲ್ಲದವರಿಗೆ ಇದೊಂದನ್ನೇ ಕೊಟ್ಟರೆ ಎಫ್‌ಎಸ್‌ಎಚ್ ಏರಿ ಅಂಡಾಶಯ ಕೆರಳುತ್ತದೆ. ಬೇರಾವುದಕ್ಕೂ ಬಗ್ಗದ ನೋವಿಗೆ, ಇನ್ನೊಂದು ಹಾರ್ಮೋನ್ ಔಷಧಿ ಜೊತೆಗೆ ಮಾತ್ರ ಬಳಸುತ್ತಾರೆ.

ಇವು ಮಾಡದ ಕೆಲಸ ಏನು?

ಒಂದು, ಇವು ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ. ನಿಲ್ಲಿಸಿದರೆ ನೋವು ಮರಳಬಹುದು. ಆಪರೇಷನ್ ಆದ ಮೇಲೆ ಮುಂದುವರಿಸಿದರೆ ಸಿಸ್ಟ್ ಮರುಕಳಿಸುವುದು ಕಡಿಮೆಯಾಗುತ್ತದೆ.

ಎರಡು, ಇವು ಫಲವತ್ತತೆ ಹೆಚ್ಚಿಸುವುದಿಲ್ಲ. ಗರ್ಭ ಧರಿಸಲು ಪ್ರಯತ್ನಿಸುತ್ತಿರುವವರಿಗೆ ಅಂಡಾಶಯ ಮಲಗಿಸುವ ಔಷಧಿ ಕೊಡುವುದರಿಂದ ಪ್ರಯೋಜನ ಇಲ್ಲ, ಸಮಯ ಕಳೆಯುತ್ತದೆ ಅಷ್ಟೇ. ಹಾಗೆಂದು ಫಲವತ್ತತೆಯನ್ನು ಹಾಳೂ ಮಾಡುವುದಿಲ್ಲ. ಡೈನೋಜೆಸ್ಟ್ ನಿಲ್ಲಿಸಿದ ಕೆಲವು ವಾರಗಳಲ್ಲಿ ಅಂಡಾಣು ಬಿಡುಗಡೆ ಸಾಮಾನ್ಯವಾಗಿ ಮತ್ತೆ ಶುರುವಾಗುತ್ತದೆ.

ಮೂರು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವಾಗ ಎಎಂಎಚ್ ಪರೀಕ್ಷೆ ಮಾಡಿಸಿದರೆ ಅಂಕಿ ತಾತ್ಕಾಲಿಕವಾಗಿ ಕಡಿಮೆ ಕಾಣಬಹುದು. ಅಂಡಾಣು ಎಷ್ಟು ಉಳಿದಿವೆ ಎಂದು ಅಂದಾಜಿಸುವ ಈ ಪರೀಕ್ಷೆಯ ವರದಿ ಹಿಡಿದು "ಬೇಗ ಐವಿಎಫ್ ಮಾಡಿಸಿ" ಎಂದು ಯಾರಾದರೂ ಅವಸರ ಮಾಡಿದರೆ, ಯಾವ ಔಷಧಿ ಮೇಲಿದ್ದಾಗ ತೆಗೆದ ರಕ್ತ ಅದು ಎಂದು ನೆನಪಿಸಿ. ಚಾಕೊಲೇಟ್ ಸಿಸ್ಟ್ ಆಪರೇಷನ್‌ನಿಂದ ಆಗುವ ಇಳಿಕೆ ಬೇರೆ, ಅದು ಉಳಿದುಬಿಡಬಹುದು.

ಒಪ್ಪಿಗೆ ಎಂಬ ರಾಜಕೀಯ ಪ್ರಶ್ನೆ

ಹಾರ್ಮೋನ್ ಮಟ್ಟ ಇಳಿಸುವ ಅತ್ಯಂತ ಒರಟು ವಿಧಾನ ಯಾವುದು ಗೊತ್ತಾ? ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ಕತ್ತರಿಸಿ ತೆಗೆಯುವುದು. ಮಾತ್ರೆ ನಿಲ್ಲಿಸಬಹುದು, ಇಂಜೆಕ್ಷನ್ ಪ್ರಭಾವ ಇಳಿಯುತ್ತದೆ, ಆದರೆ ತೆಗೆದ ಅಂಡಾಶಯ ಮರಳುವುದಿಲ್ಲ. ಕಲಬುರಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಮಹಿಳೆಯರು ಹೊಟ್ಟೆನೋವು, ಬಿಳಿಸೆರಗು ಎಂದು ಹೋದಾಗ ಗರ್ಭಕೋಶವನ್ನೇ ತೆಗೆದು ಕಳಿಸಿದ ಪ್ರಕರಣಗಳ ವಿರುದ್ಧ ಕಳೆದ ದಶಕದಲ್ಲಿ ಹೋರಾಟವೇ ನಡೆಯಿತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಗಳನ್ನು ಜಾರಿ ಮಾಡಿ ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಬೇಕಾಯಿತು. ನಗರದ ವಿಮೆ ಇರುವ ಹುಡುಗಿಗೆ ಡೋಸ್ ಆಯ್ಕೆ, ಹಳ್ಳಿಯ ಕೂಲಿ ಹೆಂಗಸಿಗೆ ಕತ್ತರಿ. ವ್ಯತ್ಯಾಸ ಕಾಯಿಲೆಯಲ್ಲಿ ಇಲ್ಲ, ಜಾತಿ, ವರ್ಗದಲ್ಲಿದೆ.

ಮಾಹಿತಿ ಕೊಡದೆ ಹಾರ್ಮೋನ್ ಕೊಡುವುದರ ವಿರುದ್ಧ ಈ ದೇಶದ ಮಹಿಳಾ ಚಳವಳಿ ಹಿಂದೆಯೇ ದನಿ ಎತ್ತಿದೆ. 1985ರಲ್ಲಿ ಹೈದರಾಬಾದ್ ಬಳಿಯ ಪಟಾಂಚೆರುವಿನಲ್ಲಿ ನೊರೆಥಿಸ್ಟೆರಾನ್ ಜಾತಿಯದ್ದೇ ಗರ್ಭನಿರೋಧಕ ಇಂಜೆಕ್ಷನ್ ನೆಟ್-ಎನ್ ಅನ್ನು, ಅದು ಪ್ರಯೋಗ ಎಂಬುದನ್ನು ಸರಿಯಾಗಿ ತಿಳಿಸದೆ ಬಡ ಹೆಂಗಸರಿಗೆ ನೀಡಲು ಹೊರಟಿದ್ದನ್ನು ಪ್ರಶ್ನಿಸಿ ಸ್ತ್ರೀ ಶಕ್ತಿ ಸಂಘಟನೆ, ಸಹೇಲಿ ಮುಂತಾದ ಸಂಘಟನೆಗಳು 1986ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದವು. ಅವರ ತಕರಾರು ವಿಜ್ಞಾನದ ವಿರುದ್ಧ ಅಲ್ಲ, ಕೇಳದೆ ಹೇಳದೆ ಕೊಡುವುದರ ವಿರುದ್ಧವಾಗಿತ್ತು.

ರಜೆಯ ವಿಷಯವನ್ನೂ ಇದರ ಜೊತೆ ನೋಡಿ. 2025ರ ಅಕ್ಟೋಬರ್‌ನಲ್ಲಿ ಕರ್ನಾಟಕ ಸಚಿವ ಸಂಪುಟ ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯ ಹೆಜ್ಜೆ. ಆದರೆ ಚಿಕಿತ್ಸೆಯಿಂದ ಮುಟ್ಟೇ ನಿಂತುಹೋದ ನನ್ನಂಥವರ ನೋವು, ಸುಸ್ತು, ಔಷಧಿಯ ಅಡ್ಡಪರಿಣಾಮ ಮುಟ್ಟಿನ ಲೆಕ್ಕಕ್ಕೆ ಸಿಗುವುದಿಲ್ಲ. ಎಂಡೋಮೆಟ್ರಿಯೋಸಿಸ್ ಅನ್ನು ದೀರ್ಘಕಾಲದ ಕಾಯಿಲೆ ಎಂದು ಪರಿಗಣಿಸಿ, ತಾಲ್ಲೂಕು ಆಸ್ಪತ್ರೆ ಮಟ್ಟದಲ್ಲಿ ಔಷಧಿ, ಮೂಳೆ ಪರೀಕ್ಷೆ ಸಿಗುವಂತೆ ಮಾಡುವುದು ಮುಂದಿನ ಬೇಡಿಕೆಯಾಗಬೇಕು.

ಡಾಕ್ಟರ ಮುಂದೆ ಕೂತಾಗ ಕೇಳಬೇಕಾದ್ದು

- ಈ ಔಷಧಿ ನನ್ನ ಈಸ್ಟ್ರೋಜನ್ ಅನ್ನು ಸ್ವಲ್ಪ ಇಳಿಸುತ್ತದಾ, ಮುಟ್ಟು ನಿಂತವರ ಮಟ್ಟಕ್ಕೆ ಇಳಿಸುತ್ತದಾ?
- ಎಷ್ಟು ತಿಂಗಳು? ಆಡ್-ಬ್ಯಾಕ್ ಬೇಕಾ? ಮೂಳೆ ಸ್ಕ್ಯಾನ್, ವಿಟಮಿನ್ ಡಿ ಪರೀಕ್ಷೆ ಯಾವಾಗ?
- ನನಗೆ ಮೈಗ್ರೇನ್, ಬಿಪಿ, ಖಿನ್ನತೆ, ರಕ್ತ ಹೆಪ್ಪುಗಟ್ಟಿದ ಚರಿತ್ರೆ ಇದೆ. ಆದರೂ ಇದು ಸರಿಯಾ?
- ಇದು ಗರ್ಭನಿರೋಧಕವೂ ಹೌದಾ?
- ಮೂರು ತಿಂಗಳಲ್ಲಿ ನೋವು ತಗ್ಗದಿದ್ದರೆ ಮುಂದಿನ ಆಯ್ಕೆ ಏನು?

ಇದನ್ನು ಓದಿ ನಡೆಯುತ್ತಿರುವ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ. ಪ್ರಶ್ನೆಗಳನ್ನು ಫೋನಿನಲ್ಲಿ ಬರೆದುಕೊಂಡು ಹೋಗಿ. ಸಾಧ್ಯವಾದರೆ ಗೆಳತಿಯನ್ನೋ ಅಕ್ಕನನ್ನೋ ಜೊತೆಗೆ ಕರೆದುಕೊಂಡು ಹೋಗಿ. ಉತ್ತರ ಕೊಡಲು ಪುರುಸೊತ್ತಿಲ್ಲ ಎನ್ನುವ ಡಾಕ್ಟರಾದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳುವ ಹಕ್ಕೂ ನಿಮಗಿದೆ.